ಚಿಕ್ಕಪ್ಪ ಮುಚ್ಚಿದ ತೂತುಗಳು

ನನಗೆ ಹದಿನಾಲ್ಕು ತುಂಬಿದ ವರ್ಷ ಚಿಕ್ಕಪ್ಪನಿಗೆ ಒಂದು ಮಾತು ಕೊಟ್ಟಿದ್ದೆ. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂಬುದನ್ನು ಯಾರಿಗೂ ಹೇಳುವುದಿಲ್ಲ, ಯಾವತ್ತೂ ಹೇಳುವುದಿಲ್ಲ ಎಂದು.

ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಚಿಕ್ಕಪ್ಪನ ಮನೆಗೆ ಬಂದು ಸೇರಿದ್ದೆವು. ಮನೆಯ ಮುಂದೆಯೇ ಅವರ ಶೆಡ್ಡು. ಎಂಜಿನ್ನಿಗೂ ನಮಗೂ ಸಂಬಂಧವಿಲ್ಲ. ನಮ್ಮದು ಗಾಡಿಯ ಮೈಯ ಕೆಲಸ. ತುಕ್ಕು ತಿಂದದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸುವುದು, ನೆಗ್ಗಿದ್ದನ್ನು ಎತ್ತುವುದು, ಬಣ್ಣ ಹೊಡೆಯುವುದು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಕೂತು ನೆಲದ ಮೇಲೆ ಬಿದ್ದ ಸ್ಕ್ರೂಗಳನ್ನು ಆರಿಸಿ ಡಬ್ಬಕ್ಕೆ ಹಾಕುತ್ತಿದ್ದೆ. ಒಂದು ದಿನ ಚಿಕ್ಕಪ್ಪ ಕಾರಿನ ಬಾಗಿಲಿನ ಅಂಚಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಬೆಂಕಿ ಗೀಟಿನ ಮೇಲೆ ಇರಲಿಲ್ಲ, ಒಂದು ಬೆರಳು ಆಚೆ ಓಡುತ್ತಿತ್ತು. ಕಪ್ಪು ಗಾಜು ಹಿಡಿದು ನೋಡುತ್ತಿದ್ದ ನಾನು, "ಚಿಕ್ಕಪ್ಪ, ಗೀಟು ಇಲ್ಲಿದೆ. ನೀವು ಸುಮ್ನೆ ಬಾಗಿಲು ಸುಡ್ತಿದ್ದೀರ" ಅಂದೆ.

ಅವರು ಬೆಂಕಿ ಆರಿಸಿದರು. ಕೆಲಸದವರು ದೂರ ಇದ್ದಾರೆಯೇ ಎಂದು ಕತ್ತು ಓರೆ ಮಾಡಿ ನೋಡಿ, ನನ್ನನ್ನು ಹಿಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದರು.

"ನಡುಮಧ್ಯ ಒಂದು ಕಲೆ ಕೂತಿದೆ ಮರಿ. ನಿನ್ನ ಮುಖ ನೋಡಿದ್ರೆ ಕಿವಿ ಎರಡೂ ಕಾಣತ್ತೆ, ಮೂಗು ಕಾಣಲ್ಲ."

"ನನ್ನ ಮೂಗು ಕಾಣದಿದ್ರೇ ಒಳ್ಳೇದು ಬಿಡಿ" ಅಂದು ನಕ್ಕೆ.

ಅವರು ನಗಲಿಲ್ಲ. "ಔಷಧಿ ಇಲ್ಲ ಅಂದ್ರು ಡಾಕ್ಟ್ರು. ಇದು ಹೊರಗೆ ಗೊತ್ತಾದ್ರೆ ನಾಳೆಯಿಂದ ಈ ಶೆಡ್ಡಿಗೆ ಒಂದು ಸೈಕಲ್ಲೂ ಬರಲ್ಲ. ನನ್ನ ಊಟ, ನಿನ್ನ ಊಟ, ನಿಮ್ಮಮ್ಮನ ಊಟ, ಎಲ್ಲಾ ಇಲ್ಲೇ ಇರೋದು. ಯಾರ ಹತ್ರಾನೂ ಬಾಯಿಬಿಡಲ್ಲ ಅಂತ ಮಾತು ಕೊಡು."

ಕೊಟ್ಟೆ. ಆ ವಯಸ್ಸಿನಲ್ಲಿ ಯಾರಾದರೂ ದೊಡ್ಡವರು ಗುಟ್ಟು ಹೇಳಿದರೆ ಎರಡು ಇಂಚು ಎತ್ತರವಾದ ಹಾಗೆ ಆಗುತ್ತದೆ.

ಮರುದಿನದಿಂದ ನಾನು ಅವರ ಕಣ್ಣಾದೆ. ತುಕ್ಕು ಎಲ್ಲಿಂದ ಎಲ್ಲಿಗಿದೆ ಎಂದು ಸೀಮೆಸುಣ್ಣದಲ್ಲಿ ದಪ್ಪಗೆ ಗೀಚುತ್ತಿದ್ದೆ. ಕಣ್ಣಿನ ಕಲೆಯ ಅಂಚಿನಲ್ಲಿ ಅವರಿಗೆ ಬಿಳಿ ಬಣ್ಣ ಸಿಗುತ್ತಿತ್ತು. ವೆಲ್ಡಿಂಗ್ ದಾರಿ ತಪ್ಪಿದರೆ, "ಚಿಕ್ಕಪ್ಪ, ಟೀ ತರಲಾ?" ಅನ್ನುತ್ತಿದ್ದೆ. ಅವರು ಕೈ ತಡೆದು, "ಈಗ ಬೇಡ" ಅನ್ನುತ್ತ ಸರಿಮಾಡಿಕೊಳ್ಳುತ್ತಿದ್ದರು. "ಈ ಹುಡುಗಿ ಮುದುಕನಿಗೆ ಟೀ ಕುಡಿಸೇ ಕೊಲ್ತಾಳೆ" ಎಂದು ಕೆಲಸದವರು ತಮಾಷೆ ಮಾಡುತ್ತಿದ್ದರು. ಹೀಗೆ ಹತ್ತು ವರ್ಷ ನಡೆಯಿತು. ಅಷ್ಟರಲ್ಲಿ ನಾನೇ ತಗಡು ಕತ್ತರಿಸಿ, ಬಗ್ಗಿಸಿ, ಕೂರಿಸುವಷ್ಟು ಕಲಿತಿದ್ದೆ. ಹೆಸರು ಮಾತ್ರ ಅವರದೇ. ಶೆಡ್ಡಿನಿಂದ ಯಾವ ಗಾಡಿ ಹೊರಡುವ ಮುಂಚೆಯೂ ಅವರು ಕೈ ತೊಳೆದುಕೊಂಡು ಬಂದು, ಮೂಗಿನಿಂದ ಬಾಲದ ತನಕ ಅಂಗೈ ಆಡಿಸುತ್ತಿದ್ದರು. "ಹೂಂ" ಅಂದರೆ ಗಾಡಿ ಹೋಗಬಹುದು. "ಉಹೂಂ" ಅಂದರೆ ಮತ್ತೆ ಒಳಗೆ. ಗಾಡಿಯವರು ಬೇಕೆಂದೇ ಆ ಹೊತ್ತಿಗೆ ಬಂದು ನಿಂತು ನೋಡುತ್ತಿದ್ದರು. ಆ ಅಂಗೈಗೆ ಕೂದಲೆಳೆಯಷ್ಟು ಏರುತಗ್ಗೂ ಗೊತ್ತಾಗುತ್ತಿತ್ತು.

ಏಳು ವರ್ಷದ ಹಿಂದೆ ಅವರಿಗೆ ಪೂರ್ತಿ ಕಾಣದಾಯಿತು. ಆಗ ಊರಿಗೆಲ್ಲ ತಿಳಿಯಿತು. ಪಾಪ, ಇದ್ದಕ್ಕಿದ್ದ ಹಾಗೆ ಹೋಯಿತಂತೆ ಎಂದು ಎಲ್ಲರೂ ಮರುಗಿದರು. ಇದ್ದಕ್ಕಿದ್ದ ಹಾಗೆ ಅಲ್ಲ ಎಂದು ಗೊತ್ತಿದ್ದವರು ನಾವಿಬ್ಬರೇ. ಅಮ್ಮನಿಗೂ ಗೊತ್ತಾಗಲಿಲ್ಲ, ನನ್ನ ಗಂಡನಿಗೂ ಹೇಳಿರಲಿಲ್ಲ. ಶೆಡ್ಡು ಈಗ ನನ್ನದು. ಬಾಗಿಲ ಪಕ್ಕದ ಸ್ಟೂಲು ಚಿಕ್ಕಪ್ಪನದು. ಅಂಗೈ ಆಡಿಸುವುದು ಆಮೇಲೂ ನಡೆಯುತ್ತಿತ್ತು.

ಕಳೆದ ತಿಂಗಳು ಡ್ರಾಯಿಂಗ್ ಮೇಷ್ಟ್ರೊಬ್ಬರು ಹಳೆಯ ವ್ಯಾನು ತಂದರು. ಒಳಗೇ ಹಾಸಿಗೆ, ಒಲೆ, ಪುಟ್ಟ ಬಚ್ಚಲು ಇರುವ, ರಜೆಯಲ್ಲಿ ಸಂಸಾರವನ್ನೇ ತುಂಬಿಕೊಂಡು ಹೋಗುವ ಜಾತಿಯದು. ಮಗುವಿನ ಹಾಗೆ ಅದರ ಬಾನೆಟ್ಟು ತಟ್ಟಿ, "ಕೆಳಗೆ ಎರಡು ಕಡೆ ಬಣ್ಣ ಗುಳ್ಳೆ ಎದ್ದಿದೆ ಅಕ್ಕಾ, ಅಷ್ಟೇ. ಒಂದು ವಾರ ಸಾಕಲ್ವ?" ಅಂದರು.

"ಗುಳ್ಳೆ ನಿಮ್ಮ ಲೆಕ್ಕಕ್ಕೆ ಎರಡು ಮೇಷ್ಟ್ರೇ. ಒಳಗೆ ಎಷ್ಟಿದೆಯೋ ಯಾರು ಕಂಡ್ರು."

ನನ್ನ ಹತ್ತಿರ ಹಳೆಯ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತವಿದೆ, ಬಟ್ಟೆ ಸುತ್ತಿದ್ದು. ತಗಡಿದ್ದಲ್ಲಿ ಕಚ್ಚಿಕೊಳ್ಳುತ್ತದೆ, ಮೇಲೆ ಬಣ್ಣ ಹೊಡೆದು ಒಳಗೆ ಬರೀ ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. ಅದನ್ನು ವ್ಯಾನಿನ ಕೆಳ ಅಂಚಿನುದ್ದಕ್ಕೂ ಎಳೆದೆ. ಚಕ್ರದ ಮೇಲೆ ಬಿತ್ತು. ಬಾಗಿಲ ಕೆಳಗೆ ಬಿತ್ತು. ಹಿಂದಿನ ಮೂಲೆಯಲ್ಲಂತೂ ಕಚ್ಚಲೇ ಇಲ್ಲ. ಹೊರಗಿನಿಂದ ನೋಡಿದರೆ ಕನ್ನಡಿಯಂಥ ನುಣುಪು.

"ಇದೇನು ಗಾಡಿನೋ, ಬಣ್ಣ ಬಳಿದ ಗೋಡೆನೋ" ಎಂದು ನಾನು ನಗಾಡಿದೆ. "ಯಾವನೋ ಪುಣ್ಯಾತ್ಮ ತುಕ್ಕಿಗೆ ಪುಟ್ಟಿಯಲ್ಲಿ ಸಮಾಧಿ ಕಟ್ಟಿದ್ದಾನೆ. ಇವನ ಕೈಗೆ ಕರಣೆ ಕೊಡಬೇಕಿತ್ತು, ತಪ್ಪಿ ಗಾಡಿ ಸಿಕ್ಕಿದೆ."

ಮೇಷ್ಟ್ರೂ ನಕ್ಕರು. ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕಪ್ಪ ನಗಲಿಲ್ಲ. ಸಾಮಾನ್ಯವಾಗಿ ಇಂಥ ಮಾತಿಗೆ ಅವರೂ ಒಂದು ಒಗ್ಗರಣೆ ಹಾಕುವವರು.

"ಇನ್ನು ಎರಡು ವಾರಕ್ಕೆ ರಜೆ ಅಕ್ಕಾ" ಎಂದರು ಮೇಷ್ಟ್ರು. "ನಮ್ಮದೊಂದು ಗುಂಪಿದೆ, ಇದೇ ಕಾಲದ ಗಾಡಿ ಇರೋರದ್ದು. ಒಂಬತ್ತು ಗಾಡಿ. ಎಲ್ಲಾ ಒಟ್ಟಿಗೆ ಬೆಟ್ಟ ಹತ್ತಿ ಆಚೆ ಇಳಿಯೋದು ಅಂತ. ಎಲ್ಲರ ಮನೆ ಮಕ್ಕಳೂ ಇರ್ತಾರೆ. ನಮ್ಮಲ್ಲಿ ನಂದೆರಡು, ತಂಗಿದೆರಡು. ಅಮ್ಮ ಬೇರೆ."

ಮರುದಿನ ಕೆಳ ಅಂಚನ್ನು ಗ್ರೈಂಡರಿನಲ್ಲಿ ಕತ್ತರಿಸಿದೆ. ಪುಟ್ಟಿ ಹೆಂಚಿನ ಚೂರಿನ ಹಾಗೆ ಉದುರಿತು. ಅದರ ಹಿಂದೆ ಸೊಳ್ಳೆ ಜಾಲರಿ, ಅದರ ಹಿಂದೆ ಬಣ್ಣದ ಡಬ್ಬದ ಮುಚ್ಚಳ, ಅದರ ಹಿಂದೆ ಪುಡಿಪುಡಿಯಾದ ತುಕ್ಕು. ಕೆಂಪು ಮಣ್ಣಿನ ಹಾಗೆ ಮೊರಗಟ್ಟಲೆ ಬಂತು. ಬೈಯುತ್ತಲೇ ಗುಡಿಸಿದೆ. ಆಮೇಲೆ ಆ ಮುಚ್ಚಳದ ಅಂಚು ಕಣ್ಣಿಗೆ ಬಿತ್ತು.

ತಗಡಿನ ಅಂಚನ್ನು ಎಲ್ಲರೂ ಒಂದು ಸಲ ಮಡಿಸಿ ಬಡಿಯುತ್ತಾರೆ. ಚಿಕ್ಕಪ್ಪ ಎರಡು ಸಲ ಮಡಿಸುತ್ತಿದ್ದರು, ಕೈ ಕುಯ್ಯಬಾರದು ಎಂದು. ಮಡಿಸಿದ ಮೇಲೆ ಸುತ್ತಿಗೆಯ ಹಿಂಭಾಗದಲ್ಲಿ ಒತ್ತೊತ್ತಾಗಿ ಸಣ್ಣ ಏಟು ಹಾಕುತ್ತಿದ್ದರು. ಅದನ್ನು ನನ್ನನ್ನು ಬಿಟ್ಟು ಬೇರೆ ಯಾರಿಗೂ ಕಲಿಸಲಿಲ್ಲ. ಕೆಲಸಕ್ಕೆ ಬಾರದ ಆ ಬಣ್ಣದ ಮುಚ್ಚಳಕ್ಕೂ ಎರಡು ಮಡಿಕೆ, ಒತ್ತೊತ್ತಾಗಿ ಏಟು.

ಅದನ್ನು ಕೈಯಲ್ಲಿ ಹಿಡಿದು ನಾನು ವ್ಯಾನಿನ ಕೆಳಗೇ ಮಲಗಿದ್ದೆ. ಮೇಲೆ ನನ್ನ ಸಣ್ಣ ಮಗಳು ಆಡುತ್ತಿದ್ದಳು. ಶಾಲೆಯಿಂದ ಬಂದವಳಿಗೆ ಆ ವ್ಯಾನಿನ ಬೆಂಚಿನ ಮೇಲೆ ಕೂತು ಬೆಲ್ಟು ಕಟ್ಟಿಕೊಂಡು, ಎಲ್ಲಿಗೋ ಹೊರಟ ಹಾಗೆ ಕುಣಿಯುವ ಹುಚ್ಚು. ಧೊಪ್ಪನೆ ಬಿದ್ದ ಸದ್ದಾಯಿತು.

"ಅಮ್ಮ" ಅಂದಳು. "ನಾನೇನೂ ಮಾಡಿಲ್ಲ. ಅದೇ ಬಂದ್ಬಿಡ್ತು."

ಹೋಗಿ ನೋಡಿದರೆ ನೆಲದ ಮೇಲೆ ಕೂತಿದ್ದಾಳೆ, ಏಟು ಬೀಳುತ್ತದೆಯೇನೋ ಎಂದು ನನ್ನ ಕೈಯನ್ನೇ ನೋಡುತ್ತ. ಬೆಲ್ಟು ಅವಳ ಮಡಿಲಲ್ಲಿತ್ತು. ಅದರ ತುದಿಯಲ್ಲಿ ಬೋಲ್ಟು, ಬೋಲ್ಟಿನ ಸುತ್ತ ಮುಷ್ಟಿಯಷ್ಟು ಪುಟ್ಟಿ, ಹಲ್ಲು ಕಿತ್ತಾಗ ವಸಡು ಅಂಟಿಕೊಂಡು ಬಂದ ಹಾಗೆ. ಗಾಡಿಯ ನೆಲಕ್ಕೆ ಬಿಗಿದಿರಬೇಕಾದ ಬೋಲ್ಟು. ನೆಲವೇ ಇರಲಿಲ್ಲ, ಪುಟ್ಟಿಗೆ ಬಿಗಿದಿದ್ದರು. ನಾಲ್ಕನೇ ಕ್ಲಾಸಿನ ಹುಡುಗಿ ಕುಣಿದರೆ ಕಿತ್ತು ಬರುವಂಥದ್ದು.

ಅವಳಿಗೆ ಹೊಡೆಯಲಿಲ್ಲ. ಮನೆಯೊಳಗೆ ಕಳಿಸಿದೆ. ಬೋಲ್ಟು ತಂದು ಚಿಕ್ಕಪ್ಪನ ಅಂಗೈಯಲ್ಲಿಟ್ಟೆ, ಇನ್ನೊಂದು ಕೈಯಲ್ಲಿ ಮುಚ್ಚಳ.

ಅವರು ಬೆರಳಾಡಿಸಿದರು. ಮಡಿಕೆಯ ಮೇಲೆ ಹೆಬ್ಬೆರಳು ಒಮ್ಮೆ ಹೋಗಿ ಬಂತು.

"ನೀನು ನಿನ್ನೆ ನಗಾಡ್ತಿದ್ದಾಗಲೇ ಅಂದ್ಕೊಂಡೆ" ಅಂದರು.

"ಯಾವಾಗ ಮಾಡಿದ್ದು ಇದು?"

"ನೀನು ಮದುವೆಯಾಗಿ ಹೋಗಿದ್ದೆಯಲ್ಲ. ಆಗ."

ಮದುವೆಯಾಗಿ ಗಂಡನ ಊರಲ್ಲಿ ನಾನಿದ್ದದ್ದು ಎರಡೇ ವರ್ಷ. ಅವನು ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ದೊಡ್ಡವನು ಹೊಟ್ಟೆಯಲ್ಲಿದ್ದಾಗ ಇಲ್ಲಿಗೇ ವಾಪಸ್ಸು ಬಂದೆವು. ಆ ಎರಡು ವರ್ಷ ಚಿಕ್ಕಪ್ಪ ಹೇಗೆ ಕೆಲಸ ಮಾಡಿದರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಕೇಳಲಿಲ್ಲ ಎಂಬುದು ನನಗೆ ಅವತ್ತೇ ಹೊಳೆದದ್ದು.

"ಒಬ್ಬ ಹಳೇ ಗಾಡಿ ಮಾರೋನು ಒಂಬತ್ತು ವ್ಯಾನು ತಂದು ನಿಲ್ಲಿಸಿದ. ವೆಲ್ಡಿಂಗ್ ಹಿಡಿದ್ರೆ ಎಲ್ಲಿ ಸುಡ್ತಿದ್ದೀನಿ ಅಂತ ಗೊತ್ತಾಗ್ತಿರಲಿಲ್ಲ. ಪುಟ್ಟಿ ಆದ್ರೆ ಕೈಗೆ ಸಿಗತ್ತೆ. ಸವರಿ, ಉಜ್ಜಿ, ಸವರಿ, ಉಜ್ಜಿ."

"ಒಂಬತ್ತಕ್ಕೂ?"

"ಒಂಬತ್ತಕ್ಕೂ."

"ಕೆಲಸದವರಲ್ಲಿ ಒಬ್ಬರ ಹತ್ರ ಹೇಳಬಹುದಿತ್ತಲ್ಲ ಚಿಕ್ಕಪ್ಪ, ಇಲ್ಲಿ ವೆಲ್ಡ್ ಮಾಡಪ್ಪ ಅಂತ."

"ಹೇಳಿದ್ರೆ ಕಣ್ಣಿನ ವಿಷಯ ಊರಿಗೆಲ್ಲ ಹರಡ್ತಿತ್ತು. ಅದಕ್ಕೇ ತಾನೇ ಮೊದಲಿಂದ ನಿನ್ನ ಇಟ್ಕೊಂಡಿದ್ದು. ಅವರು ಹೊರಗಿನವರು. ನೀನು ನನ್ನ ಅನ್ನ ತಿಂದ ಮಗು, ಎಲ್ಲಿ ಹೋಗಿ ಹೇಳ್ತೀಯ?"

ನನ್ನ ಕೈಯಲ್ಲಿ ಕಸುಬು ಇದೆ ಎಂದು ಕಂಡು ಕಲಿಸಿದರು ಎಂದೇ ಇಷ್ಟು ವರ್ಷ ತಿಳಿದಿದ್ದೆ. ನನಗೆ ನಲವತ್ತು ವರ್ಷವಾಯಿತು, ಎರಡು ಮಕ್ಕಳಿವೆ, ಆದರೂ ಆ ಮಾತು ಎಲ್ಲಿ ಬೀಳಬೇಕೋ ಅಲ್ಲಿ ಬಿತ್ತು. ಅನ್ನ ತಿಂದದ್ದಂತೂ ನಿಜ.

"ಈ ಗಾಡಿ ಚೆನ್ನಾಗಿ ಮಾಡಿಕೊಡು" ಅಂದರು. "ಮಿಕ್ಕಿದ್ದು ನಮಗ್ಯಾಕೆ."

"ಮಿಕ್ಕ ಎಂಟೂ ಇನ್ನೂ ಓಡಾಡ್ತಿವೆ ಚಿಕ್ಕಪ್ಪ. ಮೇಷ್ಟ್ರ ಗುಂಪಿನ ಒಂಬತ್ತು ಅಂದ್ರೆ ಇವೇ, ನೀವೇ ಕೇಳಿಸ್ಕೊಂಡ್ರಲ್ಲ."

ಅವರು ಬೋಲ್ಟನ್ನು ಸ್ಟೂಲಿನ ಕೆಳಗೆ ಇಟ್ಟು, ಕೋಲು ಹುಡುಕಿಕೊಂಡು ಮನೆಯೊಳಗೆ ಹೋದರು.

ಹತ್ತು ದಿನ ಆ ವ್ಯಾನಿನ ಮೇಲೆ ಬಿದ್ದೆ. ಕೊಳೆತದ್ದನ್ನೆಲ್ಲ ತಗಡು ಹೊಳೆಯುವ ತನಕ ಕತ್ತರಿಸಿದೆ. ನೆಲಕ್ಕೆ ದಪ್ಪ ತಗಡು ಹಾಕಿ, ಬೆಲ್ಟಿನ ಬೋಲ್ಟು ಬರುವ ಕಡೆ ಕೆಳಗಿನಿಂದ ಇನ್ನೊಂದು ಪಟ್ಟಿ ಕೊಟ್ಟು ಬೆಸೆದೆ. ಅದಕ್ಕೆ ಹಗ್ಗ ಕಟ್ಟಿ ನಾನೂ ದೊಡ್ಡವನೂ ಕಾಲು ಕೊಟ್ಟು ಎಳೆದೆವು. ಅಲ್ಲಾಡಲಿಲ್ಲ. ಆ ಹತ್ತು ದಿನವೂ ಒಂದೇ ಯೋಚನೆ. ಚಿಕ್ಕಪ್ಪನ ಹೆಸರು ಬರದ ಹಾಗೆ ಈ ವಿಷಯ ಹೇಳುವುದು ಹೇಗೆ.

ಮೇಷ್ಟ್ರಿಗೆ ಫೋನು ಮಾಡಿ, "ನಿಮ್ಮ ಗಾಡಿ ಬೆಲ್ಟು ಕಿತ್ತು ಬಂತು. ಗುಂಪಿನವರಿಗೂ ಒಂದು ಸಲ ಹೇಳಿ, ಅವರ ಗಾಡಿಗಳನ್ನೂ ತೋರಿಸಲಿ. ನಾನೇ ನೋಡಿ ಕೊಡ್ತೀನಿ, ಏನೂ ಕೊಡೋದು ಬೇಡ" ಅಂದೆ. ಅಷ್ಟು ಹೇಳಿ, ಇನ್ನು ಬರುತ್ತಾರೆ ಎಂದು ಕಾದೆ. ದಿನಕ್ಕೆ ಹತ್ತು ಸಲ ರಸ್ತೆಯ ಕಡೆ ನೋಡುತ್ತಿದ್ದೆ. ಒಬ್ಬರೂ ಬರಲಿಲ್ಲ.

ಗಂಡನಿಗೂ ಎಲ್ಲ ಹೇಳಬೇಕೆಂದು ಫೋನು ಹಚ್ಚಿದೆ. ಕಣ್ಣಿನ ವಿಷಯ ಬಂದಾಗ ಅದನ್ನು ದಾಟಿಸಿಬಿಟ್ಟೆ. ಹಳೆಯ ಕೆಲಸ ಕೆಟ್ಟದಾಗಿತ್ತು, ಚಿಕ್ಕಪ್ಪನದೇ ಇರಬೇಕು ಎಂದಷ್ಟೇ ಅಂದೆ.

"ಅವರದ್ದಾ? ಸಾಧ್ಯಾನೇ ಇಲ್ಲ" ಅಂದ. ಲಾರಿಯ ಸದ್ದಿನಲ್ಲಿ ಕೂಗಿ ಮಾತಾಡುತ್ತಿದ್ದ. "ಅವರ ಕೆಲಸಕ್ಕೆ ಊರೇ ಕೈ ಮುಗಿಯತ್ತೆ. ನೀನು ಹೀಗಂದ್ರೆ ನಿನಗೇ ತಲೆ ಕೆಟ್ಟಿದೆ ಅಂತಾರೆ ನೋಡು. ಸುಮ್ನೆ ನಿನ್ನ ಕೆಲಸ ನೋಡ್ಕೊ."

ಇವನೇ ನಂಬದಿದ್ದರೆ ಇನ್ಯಾರು ನಂಬುತ್ತಾರೆ.

ಗಾಡಿ ತಯಾರಾದ ದಿನ ಬೆಳಿಗ್ಗೆ ಚಿಕ್ಕಪ್ಪ ಕೈ ತೊಳೆದುಕೊಂಡು ಬಂದರು. ಆ ವಿಷಯ ಆಡಿ ಹತ್ತು ದಿನವಾಗಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದರು, ಮಕ್ಕಳ ಜೊತೆ ಮಾತಾಡುತ್ತಿದ್ದರು, ನನ್ನ ಜೊತೆ ಹೂಂ, ಉಹೂಂ. ಮೂಗಿನಿಂದ ಬಾಲದ ತನಕ ಅಂಗೈ ಆಡಿಸಿದರು. ಹಿಂದಿನ ಮೂಲೆಯಲ್ಲಿ ಕೈ ನಿಂತಿತು.

"ಇಲ್ಲಿ ಒಂಚೂರು ಅಲೆ ಇದೆ."

"ಇದೆ. ತಗಡಿನದ್ದು. ಅದನ್ನ ಮುಚ್ಚೋಕೆ ಪುಟ್ಟಿ ಹಾಕಲಿಲ್ಲ."

ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸ್ಟೂಲಿಗೆ ಹೋಗಿ ಕೂತರು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಚಿಕ್ಕಪ್ಪ, ಮೇಷ್ಟ್ರು ಬರ್ತಾರೆ. ನೀವೇ ಹೇಳಿಬಿಡಿ. ನಿಮ್ಮ ಬಾಯಲ್ಲಿ ಬಂದ್ರೆ ಮರ್ಯಾದೆ ಇರತ್ತೆ. ಹಳೇ ಕಥೆ, ಹದಿನೈದು ವರ್ಷ ಆಯ್ತು, ಯಾರು ಏನಂತಾರೆ?"

"ಏನಂತಾರೆ ಅಂತ ನಿನಗೆ ಗೊತ್ತಿಲ್ವಾ? ಕುರುಡ ಮೋಸ ಮಾಡಿದ ಅಂತಾರೆ. ಸಾಯೋ ಕಾಲಕ್ಕೆ ನನಗೆ ಅದೊಂದು ಬೇಕಾ?" ನನ್ನ ಕಡೆ ಮುಖ ತಿರುಗಿಸಿ, "ನೀನು ಮಾತು ಕೊಟ್ಟಿದ್ದೀಯ" ಅಂದರು.

"ಕೊಟ್ಟಿದ್ದೀನಿ."

"ನಾನು ನಿನ್ನ ಹತ್ರ ಬೇರೇನೂ ಕೇಳಿಲ್ಲ, ಇಷ್ಟು ವರ್ಷದಲ್ಲಿ."

ಅದೂ ನಿಜ. ನನ್ನ ಓದಿಗೆ, ಮದುವೆಗೆ, ಅಮ್ಮನ ಆಸ್ಪತ್ರೆಗೆ ಅವರೇ ನಿಂತಿದ್ದರು. ಒಂದು ದಿನವೂ ಎತ್ತಿ ಆಡಿದವರಲ್ಲ.

ಮೇಷ್ಟ್ರು ಮಧ್ಯಾಹ್ನ ಬಂದರು, ಕೈಯಲ್ಲಿ ಬಿಸ್ಕೆಟ್ಟಿನ ಪೊಟ್ಟಣ. ವ್ಯಾನಿನ ಕೆಳಗೆ ತಲೆ ತೂರಿಸಿ ನೋಡಿ, ಬೆಲ್ಟು ಜಗ್ಗಿ ನೋಡಿ, ಖುಷಿಯಾದರು.

"ಗುಂಪಿನವರಿಗೆ ಹೇಳಿದ್ರಾ?" ಅಂದೆ.

"ಹೇಳಿದೆ ಅಕ್ಕಾ. ನಕ್ಕುಬಿಟ್ರು." ಮೇಷ್ಟ್ರು ಚಿಕ್ಕಪ್ಪನ ಕಡೆ ತಿರುಗಿದರು. "ಅವರವೆಲ್ಲ ಅಜ್ಜನ ಕೈಯಲ್ಲೇ ಆಗಿದ್ದಂತೆ. ಮಾರಿದವನು ಕಾಗದದಲ್ಲಿ ಅಜ್ಜನ ಹೆಸರು ಬರೆದು ಕೊಟ್ಟಿದ್ದಾನೆ. ಅಜ್ಜ ಕೈಯಾಡಿಸಿದ ಗಾಡಿಗೆ ಯಾವ ಭಯ ಅಂತಾರೆ. ನನ್ನ ಗಾಡಿ ಕಾಗದ ಹಿಂದಿನವನು ಕಳೆದುಬಿಟ್ಟಿದ್ದ. ನಂದು ಮಾತ್ರ ಯಾವನೋ ಕೈಲಾಗದವನು ಮಾಡಿರಬೇಕು ಅಂತ ಎಲ್ಲರೂ ಆಡಿಕೊಂಡ್ರು."

ಚಿಕ್ಕಪ್ಪ ಕೋಲಿನ ತುದಿಯಿಂದ ನೆಲದ ಮೇಲೆ ಒಂದು ಸ್ಕ್ರೂವನ್ನು ಆಚೆ ಈಚೆ ಉರುಳಿಸುತ್ತಿದ್ದರು.

"ಯಾವತ್ತು ಹೊರಡೋದು?" ಎಂದು ಕೇಳಿದೆ.

"ಭಾನುವಾರ."

ಅವತ್ತು ಗುರುವಾರ. ಎಂಟು ಗಾಡಿ, ಒಂದೊಂದರಲ್ಲಿ ಎರಡು ಮೂರು ಮಕ್ಕಳು. ಬೆಟ್ಟದ ತಿರುವಿನಲ್ಲಿ ಒಂದು ಸಲ ಜೋರಾಗಿ ಬ್ರೇಕು ಹಾಕಿದರೆ ಸಾಕು. ಪುಟ್ಟಿ ಅಂಟಿದ ಬೋಲ್ಟನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದ ನನ್ನ ಸಣ್ಣವಳ ಮುಖ ಕಣ್ಣೆದುರು ಇತ್ತು. ನಿಂತ ಗಾಡಿಯಲ್ಲಿ ಬಿದ್ದಿದ್ದಳು, ಅದಕ್ಕೇ ಏನೂ ಆಗಿರಲಿಲ್ಲ.

"ಅಜ್ಜ, ಒಂದು ಫೋಟೋ ತೆಗೀಲಾ? ಗುಂಪಿನವರಿಗೆ ಕಳಿಸ್ತೀನಿ" ಎಂದು ಮೇಷ್ಟ್ರು ಫೋನು ತೆಗೆದರು.

"ತಡೀರಿ ಮೇಷ್ಟ್ರೇ" ಅಂದೆ. "ನಿಮ್ಮದನ್ನೂ ಮಾಡಿದ್ದು ಚಿಕ್ಕಪ್ಪನೇ. ಅವರ ಮಡಿಕೆ ನನಗೆ ಗೊತ್ತು. ಒಂಬತ್ತೂ ಒಂದೇ ಸಲ ಬಂದಿದ್ದು, ಒಂಬತ್ತೂ ಹೀಗೇ ಇದೆ."

ಮೇಷ್ಟ್ರು ನಗಲು ಹೊರಟು ನನ್ನ ಮುಖ ನೋಡಿ ನಿಲ್ಲಿಸಿದರು. "ಇವರು ಹೀಗೆ ಮಾಡ್ತಾರಾ? ಯಾಕೆ ಮಾಡ್ತಾರೆ?"

ಉತ್ತರ ಎರಡೇ ಇದ್ದವು. ಬೇಕೆಂದೇ ಮೋಸ ಮಾಡಿದರು ಅನ್ನಬೇಕು, ಇಲ್ಲವೇ ನಿಜ ಹೇಳಬೇಕು. ಚಿಕ್ಕಪ್ಪನ ಬೆನ್ನ ಹಿಂದೆ ಹೇಳುವುದಕ್ಕಿಂತ ಅವರೆದುರೇ ಹೇಳುವುದು ಮೇಲು ಅನ್ನಿಸಿತು. ಅವರ ಕಡೆ ನೋಡದೆ ಹೇಳಿದೆ. ಆಗಲೇ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅದಕ್ಕೂ ಹತ್ತು ವರ್ಷ ಮುಂಚಿನಿಂದಲೇ ನಡುವೆ ಕಲೆ ಇತ್ತು. ನಾನು ಪಕ್ಕದಲ್ಲಿ ನಿಂತು ಟೀ ತರಲಾ ಅಂತ ದಾರಿ ತೋರಿಸುತ್ತಿದ್ದೆ. ನಾನಿಲ್ಲದ ಎರಡು ವರ್ಷ ಅವರೊಬ್ಬರೇ ಕೈಯಳತೆಯಲ್ಲಿ ಮಾಡಿದ್ದು ಇವು. ನನಗೆಲ್ಲ ಗೊತ್ತಿತ್ತು, ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇದನ್ನೆಲ್ಲ ನನ್ನ ಹೆಸರು ಹೇಳಿಯೇ ಗುಂಪಿನವರಿಗೆ ತಿಳಿಸಿ, ಭಾನುವಾರದೊಳಗೆ ಎಂಟೂ ಗಾಡಿ ಇಲ್ಲಿಗೆ ಬರಲಿ, ಬಾರದಿದ್ದರೆ ಹಿಂದಿನ ಬೆಂಚಿನಲ್ಲಿ ಮಕ್ಕಳನ್ನು ಕೂರಿಸಬೇಡಿ ಅಂದೆ.

ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡರು. ಬಿಸ್ಕೆಟ್ಟಿನ ಪೊಟ್ಟಣ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

"ಎಡಗಡೆ ಬೆಲ್ಟೂ ನೋಡಿ ಅಂತ ಹೇಳು" ಅಂದರು ಚಿಕ್ಕಪ್ಪ. "ಬಲಗಡೆ ಒಂದೇ ಅಲ್ಲ." ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ನಾನು ಕೈ ಹಿಡಿಯಲು ಹೋದಾಗ ಕೊಸರಿಕೊಂಡರು.

ಶುಕ್ರವಾರ ಐದು ಗಾಡಿ ಬಂದವು, ಶನಿವಾರ ಮೂರು. ಗಾಡಿಯವರು ಶೆಡ್ಡಿನ ಬಾಗಿಲಲ್ಲಿ ಗುಂಪುಗಟ್ಟಿ ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದರು, ನಾನು ಹತ್ತಿರ ಹೋದರೆ ನಿಲ್ಲಿಸುತ್ತಿದ್ದರು. ಎಂಟರಲ್ಲಿ ಆರರ ಬೋಲ್ಟು ನನ್ನ ಕೈಗೇ ಕಿತ್ತು ಬಂತು, ಮಿಕ್ಕೆರಡರದ್ದು ಅಲ್ಲಾಡುತ್ತಿತ್ತು. ಬೆಟ್ಟದ ಪ್ರಯಾಣ ಮುಂದಕ್ಕೆ ಹೋಯಿತು. ಎಂಟನ್ನೂ ಹಣ ತೆಗೆದುಕೊಳ್ಳದೆ ಮಾಡುತ್ತಿದ್ದೇನೆ. ಹೊಸ ಕೆಲಸ ಸದ್ಯಕ್ಕೆ ಯಾವುದೂ ಬರುತ್ತಿಲ್ಲ. ಸ್ಟೂಲು ಖಾಲಿ ಇದೆ. ಚಿಕ್ಕಪ್ಪ ನನ್ನ ಜೊತೆ ಈಗ ಹೂಂ, ಉಹೂಂ ಕೂಡ ಅನ್ನುವುದಿಲ್ಲ.

ಹದಿನಾಲ್ಕನೇ ವಯಸ್ಸಿನಲ್ಲಿ ಅವರಿಗೆ ಕೊಟ್ಟ ಮಾತನ್ನು ಇಪ್ಪತ್ತಾರು ವರ್ಷ ಉಳಿಸಿಕೊಂಡಿದ್ದೆ. ಆ ಗುರುವಾರ ಮುರಿದೆ.